ಗಿರಾಕಿಯ ಬೇಡಿಕೆಯೂ ಮಗ್ಗದ ವಾಯಿದೆಯೂ

ನೇಕಾರನು ಹೇಳಿದ ದಿನಕ್ಕೆ ಸೀರೆಯನ್ನು ಕೊಡುವುದಿಲ್ಲವೆಂಬ ಆಕ್ಷೇಪಣೆ ಬಹು ಹಳೆಯದು. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಸಿಂದಗಿ, ಇಂಡಿಗಳ ಕಡೆಯ ಮನೆತನಗಳಲ್ಲಿ ಮದುವೆಗೆಂದು ಇಳಕಲ್ ಸೀರೆಯನ್ನು ಹೇಳಿ ನೇಯಿಸುವುದುಂಟು. ಮುಹೂರ್ತವು ಮಗ್ಗಕ್ಕಾಗಿ ಕಾಯದು. ವಾಯಿದೆ ತಪ್ಪಿತೆಂದರೆ ದೋಷವೆಲ್ಲ ನೇಕಾರನ ಆಲಸ್ಯದ ಮೇಲೆ ಬೀಳುತ್ತದೆ. ಕಾಯಕಕ್ಕೆ ಉನ್ನತ ಸ್ಥಾನವನ್ನಿತ್ತ ಬಸವಣ್ಣನವರ ನಾಡಿನಲ್ಲಿ ಈ ಆರೋಪ ಲಘುವಾದುದಲ್ಲ; ಆದುದರಿಂದಲೇ ಅದನ್ನು ಪರೀಕ್ಷಿಸದೆ ಒಪ್ಪಲಾಗದು.

1997ರವರೆಗೆ ಅಖಂಡ ವಿಜಾಪುರ ಜಿಲ್ಲೆಯಲ್ಲಿದ್ದು ಅನಂತರ ಬಾಗಲಕೋಟೆ ಜಿಲ್ಲೆಗೆ ಸೇರಿದ ಇಳಕಲ್ಲಿನ ಕೈಮಗ್ಗದ ಸೀರೆಯ ವೈಶಿಷ್ಟ್ಯವಿರುವುದು ಅದರ ಹಾಸಿನಲ್ಲಿ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಂದರೊಳಗೊಂದನ್ನು ಕೊಂಡಿಯಾಗಿ ಸಿಕ್ಕಿಸುತ್ತಾರೆ. ಅಂಚಿನ ಹಾಸೂ ಪ್ರತ್ಯೇಕವೇ. ಹೀಗಾಗಿ ಒಂದೊಂದು ಸೀರೆಗೂ ಒಂದೊಂದು ಹಾಸು ಬೇಕಾಗುತ್ತದೆ. ಒಂದೇ ಉದ್ದನೆಯ ಹಾಸಿನಿಂದ ಹಲವು ಸೀರೆಗಳನ್ನು ಇಳಿಸುವ ಮಗ್ಗದಲ್ಲಿ ಪೂರ್ವಸಿದ್ಧತೆಯ ಶ್ರಮವು ಹಂಚಿಹೋಗುತ್ತದೆ. ಇಲ್ಲಿ ಅದು ಪ್ರತಿ ಸೀರೆಗೂ ಮರುಕಳಿಸುತ್ತದೆ.

ಬದಲಾವಣೆಯ ಬೆಲೆಯು ಅದು ಬಂದ ಹಂತವನ್ನು ಅವಲಂಬಿಸಿದೆ. ನೂಲಿಗೆ ಬಣ್ಣವೇರುವ ಮುನ್ನ ಗಿರಾಕಿಯು ಮನಸ್ಸು ಬದಲಿಸಿದರೆ ನಷ್ಟವು ಅತ್ಯಲ್ಪ. ಬಣ್ಣವಾದ ಮೇಲೆ ನೂಲು ಉಳಿಯುತ್ತದೆ. ಕೊಂಡಿ ಹಾಕಿದ ಮೇಲೆ ದಿನಗಳ ದುಡಿಮೆಯೇ ವ್ಯರ್ಥವಾಗುತ್ತದೆ. ಇದಕ್ಕಿಂತಲೂ ಗಮನಾರ್ಹವಾದುದೆಂದರೆ, ಮಗ್ಗವೊಂದೇ ಇರುವಲ್ಲಿ ಒಬ್ಬರ ಬದಲಾವಣೆಯು ಏನನ್ನೂ ಬದಲಿಸದ ಮುಂದಿನವರ ವಾಯಿದೆಯನ್ನೂ ಕೆಡಿಸುತ್ತದೆ. ಗಿರಾಕಿ, ಅಂಗಡಿ, ಸಾಹುಕಾರ, ನೇಕಾರ ಎಂಬ ಸರಪಣಿಯಲ್ಲಿ ಮಾತು ತಡವಾಗಿ ತಲುಪಿದಷ್ಟೂ ಹಾನಿ ಹೆಚ್ಚು. ಬೇಡಿಕೆಯ ಸಣ್ಣ ಏರಿಳಿತವೂ ಸರಪಣಿಯ ಹಿಂದಿನ ಕೊಂಡಿಗಳಲ್ಲಿ ದೊಡ್ಡದಾಗುವುದನ್ನು ಅಮೆರಿಕದ ಜೇ ಫಾರೆಸ್ಟರ್ ಅವರು 1961ರ ತಮ್ಮ ಗ್ರಂಥದಲ್ಲಿ ಕಾರ್ಖಾನೆಗಳನ್ನು ಕುರಿತು ವಿವರಿಸಿದರು. ಮಗ್ಗಕ್ಕೂ ಆ ನ್ಯಾಯವು ಸಲ್ಲುತ್ತದೆ.

ಸಿದ್ಧ ಸೀರೆಗಳ ದಾಸ್ತಾನೇ ಪರಿಹಾರವೆಂಬ ವಾದವು ಮೇಲ್ನೋಟಕ್ಕೆ ಸಮಂಜಸವೆನಿಸುತ್ತದೆ. ಆದರೆ ಒಡಲಿನ ಬಣ್ಣಗಳೂ ಗೋಮಿ, ಪರಾಸಪೇಟಿ, ಗಾಡಿ, ಚಿಕ್ಕಿ ಮುಂತಾದ ಅಂಚುಗಳೂ ಹಲವಾಗಿರಲು, ಎಲ್ಲವನ್ನೂ ನೇಯ್ದಿಡುವ ಬಂಡವಾಳ ಬಡ ನೇಕಾರನಲ್ಲಿ ಎಲ್ಲಿಯದು? ಉತ್ತರವು ಸೀರೆಯಲ್ಲಿಯೇ ಇದೆ. ಸೆರಗು ಸಾಮಾನ್ಯವಾಗಿ ಕೆಂಪು. ಬದಲಾಗುವುದು ಒಡಲೂ ಅಂಚೂ. ಸೆರಗಿನ ಹಾಸನ್ನು ಮುಂಚಿತವಾಗಿ ಸಿದ್ಧಪಡಿಸಿ, ಒಡಲಿನ ಬಣ್ಣವನ್ನು ಗಿರಾಕಿಯ ಮಾತು ಸ್ಥಿರವಾಗುವವರೆಗೆ ತಡೆಹಿಡಿಯುವುದು ಯುಕ್ತ. ಕೊಂಡಿ ಹಾಕುವ ದಿನವೇ ಬದಲಾವಣೆಗೆ ಕೊನೆಯ ದಿನವಾಗಲಿ.

ಹೀಗೆ ನಿರ್ಬಂಧಿಸಿದರೆ ಗಿರಾಕಿಯು ಬೇರೆ ಅಂಗಡಿಗೆ ಹೋದಾನೆಂಬ ವ್ಯಾಪಾರಿಗಳ ಭಯವು ನಿರಾಧಾರವೇನೂ ಅಲ್ಲ. ಆ ದಿನದ ಅನಂತರವೂ ಬದಲಾವಣೆಯನ್ನು ಒಪ್ಪಲೇಬೇಕಾದರೆ ಒಪ್ಪಲಿ. ಆದರೆ ಹೊಸ ವಾಯಿದೆಯನ್ನು ಆಗಲೇ ತಿಳಿಸಿ, ಹೆಚ್ಚಿನ ಮಜೂರಿಯನ್ನು ನೇಕಾರನಿಗೆ ಸಲ್ಲಿಸಲಿ. ಬೇಡಿಕೆ ಬದಲಾದರೂ ದಿನ ಬದಲಾಗದೆಂಬ ಭರವಸೆಯನ್ನು ಅಂಗಡಿಯಲ್ಲಿ ಕೊಟ್ಟು, ಅದರ ಭಾರವನ್ನು ಮಗ್ಗದ ಮೇಲೆ ಹೊರಿಸಿ, ಕೊನೆಗೆ ನೇಕಾರನನ್ನೇ ಸೋಮಾರಿಯೆಂದು ಕರೆಯುವುದು ನ್ಯಾಯವೆನಿಸಲಾರದು.