ಉತ್ತರಕ್ರಿಯೆಯ ಮೂರು ಚಲಚ್ಚಿತ್ರಗಳು

ಉತ್ತರಕ್ರಿಯೆಯನ್ನೇ ವಸ್ತುವಾಗುಳ್ಳ ಮೂರು ಕನ್ನಡ ಚಿತ್ರಗಳನ್ನು ಈಚೆಗೆ ಒಂದರ ಹಿಂದೊಂದಾಗಿ ನೋಡಿದೆವು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ದಲ್ಲಿ (1970) ನಾರಣಪ್ಪನ ಶವಸಂಸ್ಕಾರವನ್ನು ಮಾಡತಕ್ಕವರಾರೆಂಬ ಪ್ರಶ್ನೆಯು ಅಗ್ರಹಾರವನ್ನೇ ಪರೀಕ್ಷೆಗೊಡ್ಡುತ್ತದೆ. ವಿಷಯವು ಘನವಾದುದು, ಆದರೆ ಪ್ರಾಣೇಶಾಚಾರ್ಯರ ಅಂತರಂಗದ ತೊಳಲಾಟವು ಅನಂತಮೂರ್ತಿಯವರ ಕಾದಂಬರಿಯಲ್ಲಿ ತೋರುವಷ್ಟು ಆಳವಾಗಿ ತೆರೆಯ ಮೇಲೆ ತೋರದು. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ (2015) ಮಂಡ್ಯದ ಕಡೆಯ ಹಳ್ಳಿಗರೇ ನಟರು. ನೂರೊಂದು ವರ್ಷ ಬಾಳಿದ ಸೆಂಚುರಿಗೌಡನ ಹನ್ನೊಂದನೆಯ ದಿನದ ಊಟಕ್ಕೆ ಮನೆಯವರು ಪರದಾಡುತ್ತಿರಲು, ಮಗ ಗಡ್ಡಪ್ಪನು ನಿಶ್ಚಿಂತನಾಗಿ ಅಲೆಯುತ್ತಾನೆ. ಇಲ್ಲಿಯ ಹಾಸ್ಯವು ಸಹಜವಾದುದು. ಜಮೀನಿನ ವ್ಯವಹಾರವು ಮಾತ್ರ ತುಸು ಲಂಬಿಸಿತೆನ್ನಬೇಕು.

ನಮ್ಮ ಹೆಚ್ಚಿನ ಮನ್ನಣೆಯು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ (1977) ಸಲ್ಲುತ್ತದೆ. ಇದೂ ಅನಂತಮೂರ್ತಿಯವರ ಕಥೆಯೇ. ಗರ್ಭಿಣಿಯಾದ ವಿಧವೆ ಯಮುನೆಯು ಬದುಕಿರುವಾಗಲೇ ತಂದೆಯು ಆಕೆಗೆ ಶ್ರಾದ್ಧ ಮಾಡಿ ಹೊರಗಟ್ಟುತ್ತಾನೆ. ಚಿತ್ರವು ವಾದಕ್ಕಿಳಿಯದೆ, ವೇದಪಾಠಕ್ಕೆ ಬಂದ ಬಾಲಕ ನಾಣಿಯ ಕಣ್ಣಿನಿಂದ ಎಲ್ಲವನ್ನೂ ಕಾಣಿಸುತ್ತದೆ. ಅವನಿಗೆ ಶಾಸ್ತ್ರವು ತಿಳಿಯದು. ತನ್ನನ್ನು ಅಕ್ಕರೆಯಿಂದ ಕಂಡವಳನ್ನು ಬಿಟ್ಟುಹೋಗುವ ಸಂಕಟವು ತಿಳಿಯುತ್ತದೆ. ಇಂಥ ಯಮುನೆಯರು ನಮ್ಮ ಮನೆತನಗಳಲ್ಲಿಯೂ ಇದ್ದಿರಬಹುದು. ಅವರ ಹೆಸರನ್ನು ಹಿರಿಯರು ಎತ್ತುವುದಿಲ್ಲ. ಆದುದರಿಂದ ವಾಚಕರು ಈ ಚಿತ್ರವನ್ನು ಮಕ್ಕಳೊಡನೆ ಕುಳಿತು ನೋಡಬೇಕೆಂದೂ, ಅವರು ಕೇಳುವ ಪ್ರಶ್ನೆಗಳಿಗೆ ಮರೆಮಾಚದೆ ಉತ್ತರ ಕೊಡಬೇಕೆಂದೂ ನಮ್ಮ ಅಭಿಪ್ರಾಯ.