ಅಂಚಿನ ಮೇಲಿನ ಓಟ

ಹೊಸ ಕಾರ್ವಿಂಗ್ ಸ್ನೋಬೋರ್ಡ್ ಹತ್ತಿ ಮೊದಲ ತಿರುವು ತೆಗೆದುಕೊಂಡಾಗಲೇ ಗೊತ್ತಾಗಿಬಿಟ್ಟಿತು, ಇದರ ಜಾತಿಯೇ ಬೇರೆ. ಮಾಮೂಲಿ ಹಲಗೆ ತಿರುವಿನಲ್ಲಿ ಹಿಮವನ್ನು ಕೆರೆಯುತ್ತಾ ಜಾರುತ್ತದೆ. ಇದು ಕೊರೆಯುತ್ತಾ ಸಾಗುತ್ತದೆ. ನಿಂತು ತಿರುಗಿ ನೋಡಿದರೆ ಇಳಿಜಾರಿನ ಉದ್ದಕ್ಕೂ ಬೆರಳಗಲದ ಒಂದೇ ಗೆರೆ.

ಗುಟ್ಟಿರುವುದು ಆಕಾರದಲ್ಲಿ. ನಡು ಸಪೂರ, ಸುಮಾರು 20 ಸೆಂಟಿಮೀಟರ್, ತುದಿಗಳು ಅಗಲ. ವಾಲಿಸಿ ಭಾರ ಬಿಟ್ಟರೆ ಹಲಗೆ ಬಿಲ್ಲಿನಂತೆ ಬಾಗುತ್ತದೆ, ಉಕ್ಕಿನ ಅಂಚು ತಾನಾಗಿಯೇ ಕಮಾನು ಬರೆಯುತ್ತದೆ. ಮರದ ತಿರುಳಿನ ಮೇಲೆ, ಕೆಳಗೆ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ಗಟ್ಟಿ ಹಿಮದಲ್ಲೂ ಅದುರದೆ ಕಚ್ಚಿ ಹಿಡಿಯುವುದು ಅದರ ಬಲದಿಂದ. ತಿರುವು ಮುಗಿಯುವಾಗ ಬಾಗಿದ ಹಲಗೆ ಸೆಟೆದು, ನಮ್ಮನ್ನು ಮುಂದಿನ ತಿರುವಿಗೆ ಚಿಮ್ಮಿಸುವ ಆ ಗಳಿಗೆ ಇದೆಯಲ್ಲ, ಅದರ ಸುಖಕ್ಕೆ ಎಣೆಯಿಲ್ಲ!

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಎಸ್ತರ್ ಲೆಡೆಟ್ಸ್ಕಾ ಸ್ಕೀ ಮೇಲೂ ಚಿನ್ನ ಗೆದ್ದರು, ಇಂಥದೇ ಸಪೂರ ಹಲಗೆಯ ಮೇಲೂ ಗೆದ್ದರು.

ಆಳವಾದ ಪುಡಿಹಿಮಕ್ಕೆ ಈ ಹಲಗೆ ಒಗ್ಗುವುದಿಲ್ಲ, ಇದರ ಜೊತೆ ತೊಡುವ ಗಟ್ಟಿ ಬೂಟು ಕಾಲಿಗೆ ಒಗ್ಗಲು ಸಮಯ ಬೇಕು. ಆದರೆ ಯಂತ್ರ ಆಗತಾನೆ ಹದಮಾಡಿದ ಬೆಳಗಿನ ಇಳಿಜಾರು ಸಿಕ್ಕರೆ, ಬೇರೆ ಹಲಗೆ ಮುಟ್ಟಬೇಡಿ.