ಮಿಲ್ಟನ್ ಕವಿಯ ದಾಂಪತ್ಯೈಕ್ಯ

ಕ್ರೈಸ್ತಶಾಸ್ತ್ರವು ದಂಪತಿಗಳನ್ನು ಏಕಶರೀರರೆನ್ನುತ್ತದೆ. ಈ ಐಕ್ಯವು ದೇಹದ್ದೋ, ಮನಸ್ಸಿನದೋ? ವಿವಾಹವಿಚ್ಛೇದನವನ್ನು ಕುರಿತು 1643ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮಿಲ್ಟನ್ ಕವಿಯು ಮನಸ್ಸಿನದೇ ಪ್ರಧಾನವೆಂದು ವಾದಿಸಿದನು. ಚಿತ್ತಗಳು ಕೂಡದೆಡೆಯಲ್ಲಿ ನಿಜವಾದ ವಿವಾಹವೇ ಇಲ್ಲವೆಂಬುದು ಅವನ ಮತ. ಆದರೆ 1667ರ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಲ್ಲಿ ಹವ್ವಳು ನಿಷಿದ್ಧಫಲವನ್ನು ತಿಂದುಬಂದಾಗ, ಆದಾಮನು ಮೋಸಹೋಗದೆ, ಪರಿಣಾಮವನ್ನು ಬಲ್ಲವನಾಗಿಯೇ ತಾನೂ ತಿನ್ನುತ್ತಾನೆ. ತನ್ನ ಅಸ್ಥಿಮಾಂಸಗಳಿಂದಾದವಳನ್ನು ಅವನು ಅಗಲಲಾರನು. ಇದು ಸ್ತ್ರೀಮೋಹವೆಂದು ಕವಿಯೇ ನಿಂದಿಸುತ್ತಾನೆ. ಆದರೆ ಆದಾಮನ ಬಾಯಲ್ಲಿ ಅವನೇ ಇರಿಸಿದ ಮಾತುಗಳು ಆ ನಿಂದೆಗೆ ಅಡಗುವಂಥವಲ್ಲ. ನಮ್ಮ ಸಹಧರ್ಮಚಾರಿಣಿಯೆಂಬ ಪದದಲ್ಲಿ ಐಕ್ಯಕ್ಕೆ ಧರ್ಮವೇ ಆಶ್ರಯವಷ್ಟೆ! ಇಲ್ಲಿಯಾದರೋ ಐಕ್ಯವೇ ಧರ್ಮವನ್ನು ಮೀರಿತು. ಫಲಭಕ್ಷಣದಿಂದ ಅವರಿಗೆ ದೊರೆತುದು ಕಾಮ, ಕಲಹಗಳು ಮಾತ್ರ. ಗ್ರಂಥದಲ್ಲಿ ವಾದಿಸಿದ ಆ ಚಿತ್ತೈಕ್ಯವು ಕಾವ್ಯದಲ್ಲಿ ಕಾಣುವುದು ಮುಂದೆ, ದಂಡನೆಯೆಲ್ಲವೂ ತನಗೊಬ್ಬಳಿಗೇ ಇರಲೆಂದು ಹವ್ವಳು ಗಂಡನ ಕಾಲಿಗೆರಗಿದಾಗ.